ಕರೆಂಟು ಹೋದ ರಾತ್ರಿ

ಏಪ್ರಿಲ್ ಕೊನೆಯ ಗಾಳಿಮಳೆ. ಕೆಂಗಲ್ ಆಂಜನೇಯನ ಗುಡಿಯ ಸುತ್ತಿನ ಸೀಮೆಯಲ್ಲಿ ಎತ್ತ ನೋಡಿದರೂ ತೆಂಗು, ಮಾವು. ಒಂದು ಒಣಗರಿ ತಂತಿಯ ಮೇಲೆ ಬಿದ್ದರೆ ಸಾಕು, ಊರ ಜೊತೆ ಅಲ್ಲಿನ ಹುಡುಗಿಯರ ಹಾಸ್ಟೆಲ್ಲೂ ಕತ್ತಲು.

ಮೊದಲು ಒಂದು ಕೂಗು, ಆಮೇಲೆ ನಗು. ಮಾರನೆಯ ದಿನ ಪರೀಕ್ಷೆಯಿರುವ ಹುಡುಗಿ ಮಾತ್ರ ಮೊಬೈಲಿನ ಟಾರ್ಚನ್ನು ಮೇಲ್ಮುಖವಾಗಿಟ್ಟು, ಅದರ ಮೇಲೆ ನೀರು ತುಂಬಿದ ಬಾಟಲಿ ನಿಲ್ಲಿಸುತ್ತಾಳೆ. ಕೋಣೆಯಿಡೀ ಹಾಲು ಬೆಳಕು. ಅಕ್ಕಪಕ್ಕದ ಕೋಣೆಯವರೂ ಪುಸ್ತಕ ಹಿಡಿದು ಬಂದು ಕೂರುತ್ತಾರೆ.

ಈ ನಾಡಿಗೆ ವಿದ್ಯುತ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು.

ಕೆಲವೊಮ್ಮೆ ಇಡೀ ವಿದ್ಯುತ್ ಜಾಲವೇ ಕೈಕೊಡುವುದುಂಟು: 2012ರ ಜುಲೈ 30ರ ನಸುಕಿನಲ್ಲಿ, 2 ಗಂಟೆ 33 ನಿಮಿಷಕ್ಕೆ, ಉತ್ತರ ಭಾರತದ ಜಾಲ ಕುಸಿಯಿತು. ದೆಹಲಿಯೂ ಕತ್ತಲಾಯಿತು. ದಕ್ಷಿಣದ ಜಾಲ ಆಗ ಬೇರೆಯಾಗಿಯೇ ಇದ್ದುದರಿಂದ ಕರ್ನಾಟಕಕ್ಕೆ ಆ ಪೆಟ್ಟು ತಾಗಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲದೊಂದಿಗೆ ಬೆಸೆಯಿತು.

ಆದರೆ ಹಾಸ್ಟೆಲ್ಲಿನ ಕತ್ತಲೆಗೆ ಕಾರಣ ಸಾಮಾನ್ಯವಾಗಿ ಹತ್ತಿರದ್ದೇ: ಹರಿದ ತಂತಿ, ಸುಟ್ಟ ಫ್ಯೂಸು. ಅದನ್ನು ಸರಿಪಡಿಸಲು ಮಳೆಯಲ್ಲೇ ಕಂಬ ಹತ್ತುವವನು ಪವರ್‌ಮ್ಯಾನ್. ಆತ ಬರುವವರೆಗೆ ಇಪ್ಪತ್ತು ನಿಮಿಷ ಕಾಯುವುದು ದೊಡ್ಡ ಮಾತಲ್ಲ.

ವಾರ್ಡನ್‌ಗಳಲ್ಲಿ ಒಂದು ಕೋರಿಕೆ: ಮೆಟ್ಟಿಲಿಗೆ, ಶೌಚಾಲಯದ ದಾರಿಗೆ ಬ್ಯಾಟರಿ ದೀಪ ಹಾಕಿಸಿ. ಮಕ್ಕಳೇ, ಹಾಸಿಗೆಯ ಪಕ್ಕ ಮೇಣದಬತ್ತಿ ಹಚ್ಚಬೇಡಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.