ಎರಡೇ ಜನರ ವಿರೋಧ ಪಕ್ಷ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಹುಪಕ್ಷ ಪದ್ಧತಿಯ ಬಗ್ಗೆ ಮಾತಾಡಿ ಎಂದಿದ್ದಾರೆ. ವ್ಯಾಖ್ಯೆ ನಿಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲೇ ಇದೆ. ನಾನು ಭೂತಾನದ ಕಥೆ ಹೇಳುತ್ತೇನೆ.

2007ರವರೆಗೆ ಅಲ್ಲಿ ರಾಜಕೀಯ ಪಕ್ಷ ಕಟ್ಟಲು ಅವಕಾಶವಿರಲಿಲ್ಲ. ಬದಲಾವಣೆ ತಂದವರು ಸ್ವತಃ ರಾಜರು. 2008ರಲ್ಲಿ ಚುನಾವಣೆ ನಡೆಯುತ್ತದೆಂದು ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 2005ರಲ್ಲೇ ಸಾರಿದರು. ರಾಜರಿರುವಾಗ ಪಕ್ಷಗಳ ಜಗಳ ಯಾಕೆ ಎಂಬ ಅಳುಕು ಬಹಳ ಜನರಿಗಿತ್ತು. ಮತ ಹಾಕುವುದನ್ನು ಕಲಿಸಲೆಂದು 2007ರಲ್ಲಿ ಅಣಕು ಚುನಾವಣೆ ನಡೆಸಿದರು. ಹಳದಿ, ಕೆಂಪು, ನೀಲಿ, ಹಸಿರು ಎಂದು ನಾಲ್ಕು ಉತ್ತುತ್ತಿ ಪಕ್ಷಗಳು. ಕೊನೆಯ ಸುತ್ತಿಗೆ ಅಭ್ಯರ್ಥಿಗಳು ಯಾರು ಗೊತ್ತೇ? ಪ್ರೌಢಶಾಲೆಯ ವಿದ್ಯಾರ್ಥಿಗಳು! 47 ಕ್ಷೇತ್ರಗಳಲ್ಲಿ 46 ಹಳದಿ ಪಕ್ಷಕ್ಕೆ ಹೋದವು. ಹಳದಿ ಅಲ್ಲಿ ರಾಜರ ಬಣ್ಣ. ಜನ ಪಕ್ಷಕ್ಕಲ್ಲ, ದೊರೆಗೇ ಮತ ಹಾಕಿದರು ಎಂದೇ ನನ್ನ ಅಭಿಪ್ರಾಯ.

2008ರ ಮಾರ್ಚ್‌ನ ನಿಜವಾದ ಚುನಾವಣೆಯೂ ಹೆಚ್ಚುಕಡಿಮೆ ಹಾಗೇ ಆಯಿತು. ಒಂದು ಪಕ್ಷಕ್ಕೆ 45 ಸ್ಥಾನ, ಇನ್ನೊಂದಕ್ಕೆ 2. ವಿರೋಧ ಪಕ್ಷವೆಂದರೆ ಒಂದು ಬೈಕಿನಲ್ಲಿ ಕೂರುವಷ್ಟು ಜನ!

ನನಗೆ ಈ ಕಥೆ ಹಿಡಿಸುವುದು ಇಲ್ಲಿಂದ ಮುಂದೆ. ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯದೆ ವಾಹನಗಳ ತೆರಿಗೆ ಏರಿಸಿತು. ಸದನದಲ್ಲಿ ಕೈ ಎತ್ತಿದರೆ ಎರಡೇ ಕೈ, ಏನಾದೀತು? ಅವರು ಕೋರ್ಟಿಗೆ ಹೋದರು. 2010ರಲ್ಲಿ ಹೈಕೋರ್ಟು, 2011ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟವು. 45 ಜನರ ಸರ್ಕಾರ ತಲೆಬಾಗಿತು. ಆ ಇಬ್ಬರ ನಾಯಕ ತ್ಸೆರಿಂಗ್ ತೊಬ್ಗೆ. 2013ರಲ್ಲಿ ಅವರ ಪಕ್ಷ 32 ಸ್ಥಾನ ಗೆದ್ದು ಅವರು ಪ್ರಧಾನಿಯಾದರು. 2018ರಲ್ಲಿ ಮೊದಲ ಸುತ್ತಿನಲ್ಲೇ ಸೋತು ಸುಮ್ಮನೆ ಇಳಿದರು, 2024ರಲ್ಲಿ ಮತ್ತೆ ಬಂದರು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಕೊನೆಯ ಸುತ್ತಿಗೆ ಎರಡೇ ಪಕ್ಷ. ಮೂರನೆಯದಕ್ಕೆ ಎಷ್ಟೇ ಮತ ಬಂದರೂ ರಾಷ್ಟ್ರೀಯ ಸಭೆಯಲ್ಲಿ ಒಂದು ಕುರ್ಚಿಯೂ ಇಲ್ಲ. ಸಂಸತ್ತಿಗೆ ನಿಲ್ಲಲು ಪದವಿ ಇರಲೇಬೇಕು. ನಮ್ಮಲ್ಲಿ ಈ ನಿಯಮವಿದ್ದಿದ್ದರೆ ಕಾಮರಾಜರು ನಾಮಪತ್ರವನ್ನೇ ಸಲ್ಲಿಸುವಂತಿರಲಿಲ್ಲ. 2007ರಲ್ಲಿ ಇನ್ನೊಂದು ಪಕ್ಷ ನೋಂದಣಿ ಕೇಳಿದಾಗ, ನಿಮಗೆ ಸಾಮರ್ಥ್ಯ ಸಾಲದು ಎಂದು ಚುನಾವಣಾ ಆಯೋಗವೇ ಅರ್ಜಿ ತಿರಸ್ಕರಿಸಿತು. ಸಾಮರ್ಥ್ಯ ಅಳೆಯಬೇಕಾದವರು ಮತದಾರರಲ್ಲವೇ?

ಇದಕ್ಕಿಂತ ದೊಡ್ಡದು ದಕ್ಷಿಣ ಭೂತಾನದ ನೇಪಾಳಿ ಮಾತಾಡುವವರ ಸಂಗತಿ. 1990ರ ದಶಕದ ಆರಂಭದಲ್ಲಿ ಸುಮಾರು ಒಂದು ಲಕ್ಷ ಜನ ಪೌರತ್ವ ಕಳೆದುಕೊಂಡು ಪೂರ್ವ ನೇಪಾಳದ ಶಿಬಿರಗಳಿಗೆ ಬಂದರು. ಅವರು ದೇಶದ ಹೊರಗೆ ಕಟ್ಟಿದ ಪಕ್ಷಗಳಿಗೆ ಒಳಗೆ ಜಾಗ ಸಿಗಲಿಲ್ಲ. 2008ರಲ್ಲಿ ಮತಗಟ್ಟೆಗಳು ತೆರೆದಾಗ ಅವರಿಗೆ ಮತವಿರಲಿಲ್ಲ. ಮುಂದೆ ಅವರಲ್ಲಿ ಬಹುತೇಕರು ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆಸಿದರು.

ಊಟದ ಬೆಲ್ ಆಗುವ ಹೊತ್ತಾಯಿತು. ಪ್ರಶ್ನೆಗಳಿದ್ದರೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಕೇಳಿ.