ಬೂಷ್ಟು ಹಿಡಿದ ಶೇಂಗಾ, ಮಲಗಿರುವ ವೈರಸ್



ಸುವರ್ಣ ಮಹೋತ್ಸವದ ಸಂಭ್ರಮದಲ್ಲಿ ಕ್ಯಾನ್ಸರಿನ ಮಾತು ಯಾಕೆ ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಹನಿ ಹೆಂಡ ಮುಟ್ಟದವನಿಗೆ ಲಿವರ್ ಕ್ಯಾನ್ಸರ್ ಬಂದರೂ ಊರಲ್ಲಿ ಏಳುವ ಮಾತು ಒಂದೇ: ‘ಕದ್ದು ಕುಡಿಯುತ್ತಿದ್ದನೇನೋ!’ ಸಾವಿನ ದುಃಖದ ಜೊತೆಗೆ ಮನೆಯವರು ಈ ಮಾತನ್ನೂ ಹೊರಬೇಕು. ಕುಡಿತ ಲಿವರ್‌ಗೆ ಕೆಟ್ಟದ್ದೇ, ಅದರಲ್ಲಿ ಸಂಶಯವಿಲ್ಲ. ಆದರೆ ಕುಡಿಯದವರಿಗೂ ಈ ರೋಗ ಬರುವ ಬೇರೆ ದಾರಿಗಳಿವೆ. ಅಂಥ ಒಂದು ದಾರಿಯ ಬಗ್ಗೆ ಮಾತ್ರ ಇಂದು ಹೇಳುತ್ತೇನೆ.

ಕ್ಯಾನ್ಸರಿಗೆ ಕಾರಣ ರಾಸಾಯನಿಕವೋ ವೈರಸ್ಸೋ ಎಂಬ ಚರ್ಚೆ ನೂರು ವರ್ಷ ಹಳೆಯದು. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶ ದಾಟಲಾಗದಷ್ಟು ಸಣ್ಣ ಸೋಸುಕದಲ್ಲಿ ಸೋಸಿ, ಆ ರಸದಿಂದಲೇ ಬೇರೆ ಕೋಳಿಗೆ ಗಡ್ಡೆ ಬರುವುದನ್ನು ತೋರಿಸಿದರು. ಆ ರಸದಲ್ಲಿದ್ದದ್ದು ವೈರಸ್. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಟಾರು ಹಚ್ಚಿ ಕ್ಯಾನ್ಸರ್ ಬರಿಸಿದರು. ಎರಡೂ ನಿಜವೇ ಆಗಿದ್ದವು. 1936ರಲ್ಲಿ ರೌಸ್ ಮತ್ತು ಕಿಡ್ ಇವೆರಡನ್ನೂ ಕೂಡಿಸಿ ನೋಡಿದರು. ಮೊಲದ ಕಿವಿಗೆ ಟಾರು ಹಚ್ಚಿ, ರಕ್ತಕ್ಕೆ ವೈರಸ್ ಕೊಟ್ಟರು. ವೈರಸ್ ರಕ್ತದ ಜೊತೆ ಮೈಯೆಲ್ಲ ಹರಿಯಿತು. ಗಡ್ಡೆಗಳು ಎದ್ದದ್ದು ಮಾತ್ರ ಟಾರು ಹಚ್ಚಿದ ಜಾಗದಲ್ಲಿ.

ಮನುಷ್ಯರಲ್ಲಿ ಇಂಥ ಜೋಡಿ ಕಾಣುವುದು ಲಿವರ್‌ನಲ್ಲಿ. ಒಂದು, ಹೆಪಟೈಟಿಸ್ ಬಿ ವೈರಸ್. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಇದು ತಗುಲಿದರೆ, ಹತ್ತರಲ್ಲಿ ಒಂಬತ್ತು ಮಕ್ಕಳ ಲಿವರ್‌ನಲ್ಲಿ ಬೀಡುಬಿಡುತ್ತದೆ. ಹತ್ತಾರು ವರ್ಷ ಯಾವ ತೊಂದರೆಯನ್ನೂ ತೋರಿಸದೆ ಮಲಗಿರಬಹುದು. ಇನ್ನೊಂದು, ಅಫ್ಲಾಟಾಕ್ಸಿನ್. ಶೇಂಗಾ, ಗೋವಿನಜೋಳಗಳಿಗೆ ಹಿಡಿಯುವ ಒಂದು ಬಗೆಯ ಬೂಷ್ಟು ಉಂಟುಮಾಡುವ ವಿಷ ಇದು.

ಇವೆರಡೂ ಕೂಡಿ ಏನು ಮಾಡುತ್ತವೆ? ಜೀವಕೋಶದೊಳಗಿನ ಡಿಎನ್‌ಎಯನ್ನು ಒಂದು ನೋಟ್‌ಬುಕ್ ಅಂದುಕೊಳ್ಳಿ. ಅಫ್ಲಾಟಾಕ್ಸಿನ್ ಅದರಲ್ಲಿ ಅಕ್ಷರ ಕೆಡಿಸುತ್ತದೆ. ಕೋಶ ಕೆಡದಂತೆ ಕಾಯುವ ಪಿ53 ಎಂಬ ಜೀನ್‌ನಲ್ಲಿಯೇ ಅದು ಬಿಟ್ಟ ಗುರುತನ್ನು ವಿಜ್ಞಾನಿಗಳು 1991ರಲ್ಲಿ ಕಂಡರು. ಸಾಮಾನ್ಯವಾಗಿ ಕೋಶ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ವೈರಸ್ ಇರುವ ಲಿವರ್‌ನಲ್ಲಿ ಉರಿಯೂತದಿಂದ ಕೋಶಗಳು ಸಾಯುತ್ತಿರುತ್ತವೆ. ಅವುಗಳ ಜಾಗ ತುಂಬಲು ಉಳಿದವು ಅವಸರದಲ್ಲಿ ಒಡೆದು ಎರಡಾಗುತ್ತಿರುತ್ತವೆ. ಮೇಷ್ಟ್ರು ತಿದ್ದುವ ಮೊದಲೇ ಹುಡುಗರು ನೋಟ್ಸ್ ನಕಲು ಮಾಡಿಕೊಂಡಂತೆ, ತಪ್ಪು ಹಾಗೆಯೇ ಮುಂದಿನ ಕೋಶಗಳಿಗೆ ದಾಟುತ್ತದೆ. ಸಾಲದ್ದಕ್ಕೆ ವೈರಸ್ ತನ್ನ ಡಿಎನ್‌ಎ ತುಂಡನ್ನೂ ಅದೇ ಪುಸ್ತಕದಲ್ಲಿ ತುರುಕುವುದುಂಟು.

ಚೀನಾದ ಶಾಂಘೈನಲ್ಲಿ 18,244 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 1990ರ ದಶಕದಲ್ಲಿ ಪ್ರಕಟವಾಯಿತು. ಅಫ್ಲಾಟಾಕ್ಸಿನ್ ಮಾತ್ರ ಮೈಸೇರಿದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು 3.4 ಪಟ್ಟು, ವೈರಸ್ ಮಾತ್ರ ಇದ್ದವರಿಗೆ 7.3 ಪಟ್ಟು. ಎರಡೂ ಇದ್ದವರಿಗೆ? ಮಕ್ಕಳೆ, ನೀವೇ ಲೆಕ್ಕ ಹಾಕಿ. ಕೂಡಿಸಿದರೆ 11 ಕೂಡ ಆಗುವುದಿಲ್ಲ, ಗುಣಿಸಿದರೆ 25. ಅಲ್ಲಿ ಕಂಡದ್ದು 59 ಪಟ್ಟು!

ಹೆದರಿಸಲು ಇದನ್ನು ಹೇಳುತ್ತಿಲ್ಲ. ಜೋಡಿಯಲ್ಲಿ ಒಂದನ್ನು ತಡೆದರೂ ಈ ಲೆಕ್ಕ ಮುರಿದುಬೀಳುತ್ತದೆ, ಮತ್ತು ಎರಡನ್ನೂ ತಡೆಯುವುದು ನಮ್ಮ ಕೈಯಲ್ಲಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಮುಂದಿನ ಡೋಸ್‌ಗಳನ್ನು ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಕಡಿಮೆಯಾಗಿದೆ. ದೊಡ್ಡವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ವೈರಸ್ ಇದ್ದರೆ ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ಅಂಥವರ ಜೊತೆ ಕೂತು ಉಂಡರೆ, ಕೈ ಹಿಡಿದರೆ ಈ ರೋಗ ಅಂಟುವುದಿಲ್ಲ. ಅವರನ್ನು ದೂರ ಇಡಬೇಡಿ.

ಇನ್ನು ರೈತ ಬಂಧುಗಳಿಗೆ ಒಂದು ಮಾತು. ಶೇಂಗಾ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಇಡಿ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ ಕಾಳನ್ನು ಆರಿಸಿ ಬಿಸಾಡಿ. ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಳನ್ನು ಗಾಣಕ್ಕೆ ಹಾಕಿದರೆ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದು ರೂಪ ಬದಲಿಸಿ ಮತ್ತೆ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ.

ಮುಂದೆ ಯಾರ ಮನೆಯಲ್ಲಾದರೂ ಇಂಥ ಸಾವಾದರೆ, ‘ಕುಡಿಯುತ್ತಿದ್ದನಾ?’ ಎಂದು ಕೇಳುವ ಮೊದಲು ಈ ಮಾತನ್ನು ನೆನಪು ಮಾಡಿಕೊಳ್ಳಿ. ಆಮೇಲೆ ನಿಮ್ಮ ಮನೆಯ ಮಗುವಿಗೆ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ.