ಕಡತಗಳು ಕೇಳದ ಮಾತು



1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದರು. ಅದು ವರ್ಷವನ್ನೂ ಮೀರಿ ಎಳೆಯಿತು. ಅದನ್ನು ಹಿಂದೆಗೆದುಕೊಂಡೆವೆಂಬ ಘೋಷಣೆ ಎಂದೂ ಹೊರಬೀಳಲಿಲ್ಲ. ಸಹಸ್ರಾರು ಕುಟುಂಬಗಳು ಜೀವನೋಪಾಯ ಕಳಕೊಂಡವು. ಮುಂದೆ ಗಿರಣಿಗಳಿದ್ದ ನೆಲದಲ್ಲಿ ಮಾಲ್‌ಗಳೂ ಬಹುಮಹಡಿ ಕಟ್ಟಡಗಳೂ ಎದ್ದು ನಿಂತವು.

ಇಷ್ಟನ್ನು ಕಡತಗಳು ಹೇಳುತ್ತವೆ. ಮಾಲಕರ ದಾಖಲೆಗಳಲ್ಲಿ ನಷ್ಟದ ಲೆಕ್ಕವಿದೆ, ಪೊಲೀಸರ ದಾಖಲೆಗಳಲ್ಲಿ ಮುಂದಾಳುಗಳ ಹೆಸರುಗಳಿವೆ, ಸಂಘದ ದಾಖಲೆಗಳಲ್ಲಿ ನಿರ್ಣಯಗಳಿವೆ. ಆದರೆ ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಕಾರ್ಮಿಕರ ಮನೆಗಳ ಒಲೆ ಹೇಗೆ ಉರಿಯಿತು? ಈ ಪ್ರಶ್ನೆಗೆ ಉತ್ತರಿಸಬಲ್ಲವರು ಅದನ್ನು ಅನುಭವಿಸಿದವರು ಮಾತ್ರ.

ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಅವರು ಗಿರಣಿ ಪ್ರದೇಶವಾದ ಗಿರಣ್‌ಗಾಂವ್‌ನಲ್ಲಿ ಸುಮಾರು ನೂರು ಮಂದಿಯ ಮಾತುಗಳನ್ನು ಸಂಗ್ರಹಿಸಿ 2004ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಭಾರತೀಯ ಕಾರ್ಮಿಕ ಇತಿಹಾಸಕಾರರ ಸಂಘ ಮತ್ತು ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಗೂಡಿ 1998ರಲ್ಲಿ ಭಾರತೀಯ ಕಾರ್ಮಿಕ ದಾಖಲಾಗಾರವನ್ನು ಆರಂಭಿಸಿದವು. ಇಂತಹ ಯತ್ನಗಳ ಮಹತ್ವವೇನು?

ಖಾನಾವಳಿಗಳ ಉದಾಹರಣೆಯನ್ನೇ ನೋಡೋಣ. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಚಾಳುಗಳ ಮಹಿಳೆಯರು ತಿಂಗಳ ಲೆಕ್ಕದಲ್ಲಿ ಅನ್ನ ಬಡಿಸುತ್ತಿದ್ದರು. ಮುಷ್ಕರ ಬಂದರೆ ಸಂಬಳ ನಿಲ್ಲುತ್ತಿತ್ತು, ಹಸಿವು ನಿಲ್ಲುತ್ತಿರಲಿಲ್ಲ. ಸಾಲದ ಭಾರ ಆ ಮಹಿಳೆಯರ ಹೆಗಲೇರುತ್ತಿತ್ತು. ಕಾರ್ಮಿಕ ಹೋರಾಟಗಾರ್ತಿ ಪ್ರೇಮಾ ಪುರವ್ 1975ರಲ್ಲಿ ಅವರನ್ನು ಅನ್ನಪೂರ್ಣಾ ಮಹಿಳಾ ಮಂಡಲದಡಿ ಸಂಘಟಿಸಿದರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಈ ಮಹಿಳೆಯರನ್ನು ಬಿಟ್ಟು ಮುಷ್ಕರದ ಇತಿಹಾಸ ಬರೆಯುವುದು ನ್ಯಾಯವೇ? ಹಾಗೆಯೇ ಉತ್ತರ ಭಾರತದಿಂದ ಬಂದು ಮದನ್‌ಪುರದಲ್ಲಿ ನೆಲೆಸಿ, ಗಿರಣಿಗಳ ಮಗ್ಗದ ವಿಭಾಗದಲ್ಲಿ ದುಡಿದ ಮುಸ್ಲಿಮ್ ನೇಕಾರರನ್ನು ಮರೆತರೆ ಆ ಚರಿತ್ರೆ ಪೂರ್ಣವಾದೀತೇ?

ನೆನಪು ತಪ್ಪುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಿಜ, ದಿನಾಂಕಗಳು ತಪ್ಪಬಹುದು. ಅವನ್ನು ಕಾಗದದ ದಾಖಲೆಯೊಂದಿಗೆ ಹೋಲಿಸಿ ನೋಡಬೇಕು. ಆದರೆ ಕಡತವೂ ಬರೆದವನ ದೃಷ್ಟಿಯನ್ನೇ ಹೊತ್ತಿರುತ್ತದೆ ಎಂಬುದನ್ನು ನಾವು ಮರೆಯಬಾರದು. ಸಂಗ್ರಹಿಸುವವರಿಗೂ ಹೊಣೆಯಿದೆ. ಮಾತಾಡುವವರ ಒಪ್ಪಿಗೆ ಪಡೆಯಬೇಕು, ದಿನ ಮತ್ತು ಸ್ಥಳವನ್ನು ಗುರುತಿಸಬೇಕು, ಕೇಳಿದ ಪ್ರಶ್ನೆಯನ್ನೂ ಉಳಿಸಬೇಕು. ಸಂಘಕ್ಕೆ ಮುಜುಗರ ತರುವ ಮಾತನ್ನು ಕತ್ತರಿಸಕೂಡದು. ಮಕ್ಕಳ ಹಸಿವು ತಾಳಲಾರದೆ ಕೆಲಸಕ್ಕೆ ಮರಳಿದವನ ಸಾಕ್ಷ್ಯವೂ ಕೊನೆಯವರೆಗೆ ನಿಂತವನ ಸಾಕ್ಷ್ಯದಷ್ಟೇ ಅಮೂಲ್ಯ. ಗೆದ್ದವರ ಮಾತನ್ನಷ್ಟೇ ಉಳಿಸಿದರೆ ಅದು ಪ್ರಚಾರವಾಗುತ್ತದೆಯೇ ಹೊರತು ಇತಿಹಾಸವಾಗುವುದಿಲ್ಲ.

1982ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಅರವತ್ತು ದಾಟಿದ್ದಾರೆ. ನಮ್ಮ ಕರಾವಳಿಯ ಮನೆಗಳಲ್ಲೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಕೂಲಿಗಾಗಿ, ಭವಿಷ್ಯನಿಧಿಗಾಗಿ ಅವರು ಪಟ್ಟ ಪಾಡನ್ನು ನಾವು ಎಂದಾದರೂ ಕುಳಿತು ಕೇಳಿದ್ದೇವೆಯೇ? ಇಂದು ಪ್ರತಿ ಮನೆಯಲ್ಲೂ ಧ್ವನಿ ಮುದ್ರಿಸಬಲ್ಲ ಮೊಬೈಲ್ ಇದೆ. ಕೇಳುವ ಸಹನೆಯೊಂದು ಬೇಕು. ಅವರು ಮಾತಾಡಬಲ್ಲ ಕಾಲದಲ್ಲೇ ನಾವು ಕೇಳೋಣ.